ಮಗ್ಗ ನಿಲ್ಲಿಸುವ ಮುಷ್ಟಿ

ಕೊರೋನಾ ಮುಗಿದು ಮೈದಾನಗಳು ಮತ್ತೆ ತೆರೆದ ಹೊಸತು. ಆಗ ನಾನು ಕೊಲ್ಹಾಪುರ ಜಿಲ್ಲೆಯ ಕೆಳ ವಿಭಾಗದ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದೆ. ಎರಡೂ ಕಡೆಯವರಿಂದ ಬೈಸಿಕೊಳ್ಳುವ ಕೆಲಸ ಅದು. ಬೈಗುಳಗಳೆಲ್ಲ ಮರೆತುಹೋಗಿವೆ, ಗಡಹಿಂಗ್ಲಜದ ಒಂದು ಪಂದ್ಯ ಮಾತ್ರ ಮರೆತಿಲ್ಲ.

ಇಚಲಕರಂಜಿಯ ಶಹಾಪುರದಲ್ಲಿ ಪವರ್‌ಲೂಮ್ ಕಾರ್ಮಿಕರು ಕಟ್ಟಿದ್ದ ಲಾಳಿ ಬಾಯ್ಸ್ ತಂಡಕ್ಕೆ ಅದು ಎರಡನೆಯ ಸೀಸನ್ನಿನ ಕೊನೆಯ ಪಂದ್ಯ. ಡ್ರಾ ಆದರೂ ವಿಭಾಗದಲ್ಲಿ ಉಳಿಯುತ್ತಿತ್ತು. ಸೋತರೆ ತಂಡವೇ ಬಂದ್ ಎಂದು ಜರ್ಸಿ, ಬಸ್ಸು ನೋಡಿಕೊಳ್ಳುತ್ತಿದ್ದ ಮಗ್ಗದ ಮಾಲೀಕರು ಹೇಳಿಬಿಟ್ಟಿದ್ದರು. ಎದುರಿಗೆ ಗಡಹಿಂಗ್ಲಜದ್ದೇ ತಂಡ, ಸುತ್ತ ಅದರದೇ ಜನ, ಕಿವಿ ಒಡೆಯುವ ಹಲಗೆ ಬಡಿತ.

ದ್ವಿತೀಯಾರ್ಧ ನಡೆದಿತ್ತು, ಇನ್ನೂ ಗೋಲಿಲ್ಲ. ಲಾಳಿ ನಾಯಕ, ಡಿಫೆಂಡರ್ ಶಿವಾನಂದನಿಗೆ ಆಗಲೇ ಒಂದು ಹಳದಿ ಕಾರ್ಡ್ ಬಿದ್ದಿತ್ತು. ನಾನು ಗಡಹಿಂಗ್ಲಜಕ್ಕೆ ಫ್ರೀ ಕಿಕ್ ಕೊಟ್ಟು ಶಿಟ್ಟಿ ಊದಿದೆ. ಶಿವಾನಂದ ಓಡಿಬಂದು ಚೆಂಡನ್ನು ಜನರ ಮಧ್ಯೆ ಒದ್ದುಬಿಟ್ಟ. ಶಿಟ್ಟಿಯ ನಂತರ ಬೇಕೆಂದೇ ಹಾಗೆ ಮಾಡಿದರೆ ಹಳದಿ ಕಾರ್ಡ್. ಎರಡು ಹಳದಿ ಸೇರಿದರೆ ಕೆಂಪು, ಆಟಗಾರ ಹೊರಗೆ.

"ಕಾರ್ಡ್ ದ್ಯಾ, ಸರ!" ಕಾರ್ಡ್ ಕೊಡಿ ಎಂದು ಎದುರಾಳಿ ನಾಯಕ ಮರಾಠಿಯಲ್ಲಿ ಕಿರುಚಿದ. ನನ್ನ ಕೈ ಜೇಬಿಗೆ ಹೋಗಿತ್ತು.

"ಶಿಟ್ಟಿ ಕೇಳಿಸ್ಲೇ ಇಲ್ರಿ ಸರ," ಎಂದ ಶಿವಾನಂದ.

ಎಲ್ಲರೂ ಹೇಳುವುದು ಅದನ್ನೇ. ಆದರೆ ಚೆಂಡು ಒದ್ದ ಮೇಲೂ ಅವನು ಓಡುತ್ತಲೇ ಇದ್ದ. ಅವನದೇ ತಂಡದ ಗೋಲ್‌ಕೀಪರ್ ಮುಷ್ಟಿ ಮೇಲೆತ್ತಿದಾಗಷ್ಟೇ ನಿಂತಿದ್ದ. ಆ ಮುಷ್ಟಿ ನನಗೆ ಗೊತ್ತು. ನನ್ನ ತಾಯಿ ಶಹಾಪುರದ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದಳು. ಮಗ್ಗಗಳ ಖಟಖಟದಲ್ಲಿ ಮಾತು ನಡೆಯುವುದಿಲ್ಲ, ಎಲ್ಲ ಕೈಸನ್ನೆಯೇ. ಮುಷ್ಟಿ ಎತ್ತಿದರೆ ಮಗ್ಗ ನಿಲ್ಲಿಸು ಎಂದರ್ಥ. ವರ್ಷಗಟ್ಟಲೆ ಆ ಸದ್ದಿನಲ್ಲಿ ನಿಂತರೆ ಕಿವಿ ಮಂದವಾಗುತ್ತದೆ. ಅವ್ವನನ್ನು ಮನೆಯಲ್ಲೂ ಭುಜ ಮುಟ್ಟಿ ಕರೆಯಬೇಕಿತ್ತು.

ಜೇಬಿನಿಂದ ಬರಿಗೈ ಹೊರತೆಗೆದೆ. ಮೈದಾನಕ್ಕೆ ನೀರಿನ ಬಾಟಲಿಗಳು ಬಿದ್ದವು. ಹೆದರಿಕೆಯಾಯಿತು, ಒಳಗೊಳಗೇ ಖುಷಿಯೂ ಆಯಿತು.

ಆಟ ಮುಗಿಯುತ್ತ ಬಂದಾಗ ಲಾಳಿ ಗೋಲಿನೆದುರಿಗೆ ಚೆಂಡು ಎತ್ತರದಲ್ಲಿ ಹಾರಿ ಬಂತು. ಕೀಪರ್ ಗೋಲು ಬಿಟ್ಟು ಮುನ್ನುಗ್ಗಿದ. ಬೇರೆ ತಂಡದವರಾಗಿದ್ದರೆ ತಡೆಯಲು ಕೂಗುತ್ತಿದ್ದರು. ಚೆಂಡು ನನ್ನದು, ನೀ ನಿಲ್ಲು ಎಂದು ಶಿವಾನಂದ ಮುಷ್ಟಿ ಎತ್ತಿದ. ಚೆಂಡು ಬಂದು ಆ ಮುಷ್ಟಿಗೇ ಬಡಿಯಿತು.

ಬೇಕೆಂದು ಮಾಡದಿದ್ದರೂ, ತಲೆಯ ಮೇಲೆ ಚಾಚಿದ ಕೈಗೆ ಚೆಂಡು ತಾಗಿದರೆ ತಪ್ಪೇ. ಪೆನಾಲ್ಟಿ ಕೊಟ್ಟೆ. ಅದರಿಂದ ಬಂದ ಒಂದೇ ಗೋಲಿನಿಂದ ಲಾಳಿ ಬಾಯ್ಸ್ ಸೋತಿತು.

ಪಂದ್ಯದ ನಂತರ ಶಿವಾನಂದ ನೇರ ನನ್ನ ಹತ್ತಿರ ಬಂದ. "ನಮ್ಮ ಕೀಪರ್‌ನ ಮುಷ್ಟಿ ನೋಡೇ ಆಗ ನನ್ನ ಬಿಟ್ರಿ, ಅಂದ್ರ ನಮ್ಮ ಕೈ ಮಾತು ನಿಮಗ ತಿಳೀತೈತಿ. ತಿಳಿದೂ ಪೆನಾಲ್ಟಿ ಕೊಟ್ರಲ್ರಿ?"

ಅವನ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದೆ: "ತಿಳೀತು ಅಂತನ ಕಾರ್ಡ್ ತಗೀಲಿಲ್ಲೋ ತಮ್ಮಾ. ಆದ್ರ ಚೆಂಡು ಕೈಗೆ ಬಡದೈತಿ. ಕಾಣಲಿಲ್ಲ ಅಂತ ಹೆಂಗ ಅನ್ನಲಿ?"

ಬಸ್ಸಿನ ಕಿಟಕಿಗಳಿಂದ ಅವನ ಹುಡುಗರು ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಶಿವಾನಂದ ಅವರ ಕಡೆ ತಿರುಗಿ ಮುಷ್ಟಿ ಎತ್ತಿದ. ಇಡೀ ಬಸ್ಸು ಸುಮ್ಮನಾಯಿತು. ಆ ತಂಡ ಮತ್ತೆಂದೂ ಆಡಲಿಲ್ಲ.

ಈಗ ಹೊಸ ರೆಫರಿಗಳಿಗೆ ಕಲಿಸುತ್ತೇನೆ. ಶಿಟ್ಟಿಯ ಜೊತೆಗೆ ಕೈಯನ್ನೂ ಎತ್ತಿ, ಕಾರ್ಡಿಗೆ ಕೈ ಹಾಕುವ ಮೊದಲು ಆಟಗಾರ ಯಾಕೆ ಹಾಗೆ ಮಾಡಿದ ನೋಡಿ ಎನ್ನುತ್ತೇನೆ. ಹಾಗೆ ನೋಡಿದರೆ ತೀರ್ಪು ಸುಲಭವಾಗುತ್ತದೆಯೇ ಎಂದು ಕೇಳುತ್ತಾರೆ. ಇಲ್ಲ, ಇನ್ನೂ ಕಷ್ಟವಾಗುತ್ತದೆ. ಆದರೂ ನೋಡಬೇಕು.