ಹುಡುಕಿದರೆ ಸಿಗುವ ಕೌದಿ

ಮೊನ್ನೆ ರವಿವಾರ ಮಧ್ಯಾಹ್ನ ಮೊಮ್ಮಗಳು ನನ್ನ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಏನೋ ಓದುತ್ತಿದ್ದಳು. ಪುಟದ ನಟ್ಟನಡುವೆ ಕುಕ್ಕರಿನ ಜಾಹೀರಾತೊಂದು ಬಂದು ಕೂತಿತು. ಅವಳು ಅದನ್ನು ಸರಿಯಾಗಿ ನೋಡಲೂ ಇಲ್ಲ, ತಾಟಿನ ಮೇಲಿನ ನೊಣ ಓಡಿಸುವ ಹಾಗೆ ಹೆಬ್ಬೆರಳು ಎತ್ತಿದಳು. ನಾನು ತಟ್ಟನೆ, "ಸುಮ್ಮಸುಮ್ಮನ ಒತ್ತಬ್ಯಾಡವಾ, ಪುಟ ಬರದವರಿಗೆ ತ್ರಾಸ ಆಕ್ಕತಿ" ಎಂದೆ. ಅವಳು ನಕ್ಕಳು. ತಮ್ಮನನ್ನು ಕರೆದು ಹೇಳಿದಳು, ಅವನೂ ನಕ್ಕ. ಫೋನು ಬಂದರೆ ಹಸಿರು ಗುಂಡಿಯನ್ನು ಯಾವ ಕಡೆ ಎಳೆಯಬೇಕೆಂದು ಇನ್ನೂ ತಿಳಿಯದ ಅಜ್ಜಿ ಜಾಹೀರಾತಿನ ವಿಷಯದಲ್ಲಿ ಬುದ್ಧಿ ಹೇಳಲು ಹೋದರೆ ನಗು ಬಾರದೆ ಇನ್ನೇನು?

ಯಾರಿಗೆ ತ್ರಾಸ ಆಗಿತ್ತು ಎಂದು ಇಬ್ಬರೂ ಕೇಳಿದರು. ನಾನು ಆಮೇಲೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ನಾಲ್ಕು ಮಂದಿ ಕೂತರೆ ನನ್ನ ದನಿ ಗಂಟಲಲ್ಲೇ ಉಳಿಯುತ್ತದೆ. ಇಬ್ಬರು ಮೊಮ್ಮಕ್ಕಳಾದರೂ ನಾಲ್ಕು ಮಂದಿಯ ಸಮ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಆದ್ದರಿಂದ ಬರೆಯುತ್ತೇನೆ, ನೀವು ಓದಿಕೊಳ್ಳಿ.

ಆಗ ನಾವು ಗಜೇಂದ್ರಗಡದಲ್ಲಿದ್ದೆವು. ನಿಮ್ಮ ಅಜ್ಜ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ನಮ್ಮ ಗೋಡೆಗೆ ಹತ್ತಿಕೊಂಡೇ ಇಮಾಮಸಾಬರ ಮನೆ. ಗಾದಿ ಮಾಡುವುದು ಅವರ ಮನೆತನದ ಉದ್ಯೋಗ. ಹತ್ತಿ ಹಿಂಜುವ ದಿನ ಆ ಮನೆಯಿಂದ ಎಳೆಗಳು ಹಾರಿ ಬಂದು ನಮ್ಮ ಮೊಸರಿನ ಮೇಲೂ ಕೂಡುತ್ತಿದ್ದವು. ಅದಕ್ಕಾಗಿ ನಮ್ಮ ಅತ್ತೆಯವರು ಆ ಮನೆಯೊಡನೆ ಆಯುಷ್ಯವಿಡೀ ಜಗಳಾಡಿದರು, ಆಯುಷ್ಯವಿಡೀ ಆ ಮನೆಯವರು ಮಾಡಿದ ಗಾದಿಯ ಮೇಲೆಯೇ ಮಲಗಿದರು.

ಇಮಾಮಸಾಬರ ಹಿರಿಯ ಮಗಳು ಹಸೀನಾ. ಕಾಲೇಜು ಮುಗಿಸಿ, ಬಸ್ಸಿನಲ್ಲಿ ದಿನಾ ರೋಣಕ್ಕೆ ಹೋಗಿ ಕಂಪ್ಯೂಟರ್ ಕಲಿತು ಬಂದಿದ್ದಳು. ಬಸ್ಸಿನಲ್ಲೂ ಪುಸ್ತಕ ತೆರೆದು ಕೂಡುವ ಹುಡುಗಿ. ಅವಳ ಅಪ್ಪ ಯಾರೋ ಬಳಸಿ ಬಿಟ್ಟಿದ್ದ ಒಂದು ಕಂಪ್ಯೂಟರ್ ಕೊಂಡು ತಂದರು. ರಸ್ತೆಯ ಕಡೆಗಿನ ಮುಂದಿನ ಖೋಲಿಯಲ್ಲಿ ಇಟ್ಟುಕೊಟ್ಟು, ಫೋನಿನ ತಂತಿಯನ್ನೂ ಎಳೆಸಿದರು. ಆದರೆ ಆ ಖೋಲಿ ಮೊದಲಿನಿಂದಲೂ ಹತ್ತಿ ಒಟ್ಟುವ ಜಾಗ. ದೀಪಾವಳಿ ಮುಗಿದು ಮದುವೆಯ ಹಂಗಾಮು ಶುರುವಾದರೆ ಗಾದಿಗೆ ಗಿರಾಕಿ ಜಾಸ್ತಿ. ಅವರು ನನ್ನ ಎದುರಿಗೇ ಮಗಳಿಗೆ ಹೇಳಿದರು:

"ದೀಪಾವಳಿ ತನಕ ಖೋಲಿ ನಿಂದು. ಅಷ್ಟರಾಗ ಅದು ತನ್ನ ಖರ್ಚು ತಾನ ದುಡಕೊಂತಂದ್ರ ಇರಲಿ. ಇಲ್ಲಂದ್ರ ಹತ್ತಿ ಒಳಗ, ಆ ಪೆಟಗಿ ಹೊರಗ."

ಹೊರಗೆ ಎಂದರೆ ಮಾರುವುದು. ಆಮೇಲೆ ಹಸೀನಾ ತಾಯಿಯ ಜೊತೆ ಕೂತು ಗಾದಿಗೆ ತೊಡಿಸುವ ಗಲೀಪು ಹೊಲಿಯಬೇಕು. ಒಂದು ದಿನ ಬಟ್ಟೆ ಒಣಹಾಕುವಾಗ ಗೋಡೆಯಾಚೆಯಿಂದ ಅವಳು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಗಲೀಪು ಹೊಲಿಯೂದು ಕೆಟ್ಟ ಕೆಲಸಲ್ಲರಿ ಅವ್ವಾರ. ಆದ್ರ ಅದು ನನಗ ಬರತೈತಿ. ಇದು ಇನ್ನಾ ಬರಬೇಕು."

ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿ ಅದರ ಪಕ್ಕದಲ್ಲಿ ಜಾಹೀರಾತಿಗೆ ಜಾಗ ಕೊಟ್ಟರೆ ಒಂದು ದೊಡ್ಡ ಕಂಪನಿ ಹಣ ಕೊಡುತ್ತದೆ ಎಂದು ಅವಳು ತಿಳಿದುಕೊಂಡಿದ್ದಳು. ಪುಟ ಓದಲು ಬಂದವರು ಜಾಹೀರಾತು ಒತ್ತಿ ಒಳಗೆ ಹೋದರೆ ಪುಟದವರ ಲೆಕ್ಕಕ್ಕೆ ಇಷ್ಟು ಎಂದು ಬೀಳುತ್ತದೆ, ಆ ಲೆಕ್ಕ ಒಂದು ಮಟ್ಟಕ್ಕೆ ಬಂದಾಗ ಚೆಕ್ಕು ಕಳಿಸುತ್ತಾರೆ. ನನಗೆ ಇದು ಗೋಡೆಯ ಮೇಲೆ ಬರೆಯಲು ಬಾಡಿಗೆ ಕೊಟ್ಟ ಹಾಗೆ ಅನ್ನಿಸಿತು. ಆದರೆ ಗೋಡೆ ಬಜಾರದಲ್ಲಿರಬೇಕಲ್ಲ, ಯಾರೂ ಹಾಯದ ಸಂದಿಯಲ್ಲಿದ್ದರೆ ಬಾಡಿಗೆ ಯಾರು ಕೊಡುತ್ತಾರೆ? ಆ ಪ್ರಶ್ನೆ ಆಗ ನಮಗ್ಯಾರಿಗೂ ಹೊಳೆಯಲಿಲ್ಲ.

ಪುಟ ಯಾವುದರ ಮೇಲೆ ಎಂದರೆ ಕೌದಿಯ ಮೇಲೆ. ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ ನಾನು ಹೊಲಿಯುತ್ತಿದ್ದ ಕೌದಿಗಳನ್ನು ಹಸೀನಾ ಚಿಕ್ಕಂದಿನಿಂದ ನೋಡಿದ್ದಳು. ಎಲ್ಲವನ್ನೂ ಹೊರಗೆ ಹಾಸಿ ಫೋಟೋ ತೆಗೆದಳು. ನನ್ನ ಫೋಟೋ ಬೇಡ ಎಂದು ನಾನು ಒಳಗೆ ಹೋಗಿ ಕದ ಹಾಕಿಕೊಂಡೆ. ಆಮೇಲೆ ತಾನು ಕಲಿತಿದ್ದ, ಚಿತ್ರ ಕುಣಿಸುವ ಫ್ಲ್ಯಾಶ್ ಎಂಬ ವಿದ್ಯೆಯನ್ನೆಲ್ಲ ಅದಕ್ಕೆ ಸುರಿದಳು. ಪುಟ ತೆರೆದರೆ ನಾಲ್ಕೂ ಕಡೆಯಿಂದ ಬಣ್ಣಬಣ್ಣದ ತುಂಡುಗಳು ಹಾರಿ ಬಂದು ಒಂದರ ಮಗ್ಗುಲಿಗೆ ಒಂದು ಕೂಡುತ್ತಿದ್ದವು. ದಾರ ತಾನೇ ಓಡಿ ಹೊಲಿಗೆ ಹಾಕುತ್ತಿತ್ತು. ಕೊನೆಗೆ ಬಳ್ಳಿ ಬಳ್ಳಿಯಾದ ಅಕ್ಷರದಲ್ಲಿ ಸ್ವಾಗತ ಎಂದು ಬರುತ್ತಿತ್ತು. ಓಣಿಯವರೆಲ್ಲ ಬಂದು ನೋಡಿದರು. ನಾನು ತಿಂಗಳುಗಟ್ಟಲೆ ಕಣ್ಣು ಕಿರಿದು ಮಾಡಿ ಹೊಲಿದದ್ದು ಅಲ್ಲಿ ಅಷ್ಟು ಲಗುಬಗೆಯಿಂದ ಆಗುವುದನ್ನು ನೋಡಿ ನನಗೆ ಸಂತೋಷದ ಜೊತೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಓಣಿಯವರು ಬಂದರು, ಆದರೆ ಹೊರಗಿನವರು ಯಾರೂ ಬರಲಿಲ್ಲ. ಫೋನಿನ ತಂತಿಯ ಮೇಲೆ ಆ ತುಂಡುಗಳು ಹಾರಿ ಬರಬೇಕಾದರೆ ಒಲೆಯ ಮೇಲೆ ಅನ್ನಕ್ಕಿಟ್ಟು ಬರಬಹುದಿತ್ತು. ಜಾಹೀರಾತಿನ ಜಾಗದಲ್ಲಿ ಸಾಮಾನು ಮಾರುವವರ ಬದಲು ರಕ್ತದಾನ ಮಾಡಿ, ಗಿಡ ಉಳಿಸಿ ಎಂಬಂಥ ಮಾತುಗಳು ಬರುತ್ತಿದ್ದವು. ಒಳ್ಳೆಯ ಮಾತುಗಳೇ ಬಂದವಲ್ಲ ಎಂದು ನಾನು ಹೇಳಿದೆ. ಹಸೀನಾ ಹಣೆಗೆ ಕೈ ಹಚ್ಚಿಕೊಂಡಳು. ಪುಟ ಯಾವುದರ ಬಗ್ಗೆ ಎಂದು ಕಂಪನಿಗೆ ಗೊತ್ತಾಗದಿದ್ದಾಗ ಅಂಥವನ್ನು ತೋರಿಸುತ್ತಾರಂತೆ, ಅದಕ್ಕೆ ಹಣವಿಲ್ಲವಂತೆ.

ಕಡೆಗೆ ಅವಳು ರೋಣಕ್ಕೆ ಹೋಗಿ ತನಗೆ ಕಲಿಸಿದ ಮಾಸ್ತರರನ್ನು ಕೇಳಿದಳು. ಅವರು ಪುಟ ನೋಡಿ ಬಹಳ ಹೊಗಳಿದರಂತೆ. ಆಮೇಲೆ, ಹುಡುಕುವ ಯಂತ್ರಕ್ಕೆ ಅಕ್ಷರ ಓದಲು ಬರುತ್ತದೆ, ಹೀಗೆ ಕುಣಿಯುವುದನ್ನು ನೋಡಲು ಬರುವುದಿಲ್ಲ, ಕುಣಿಯುವುದನ್ನೆಲ್ಲ ತೆಗೆದ ಮೇಲೆ ಏನು ಉಳಿಯುತ್ತದೋ ಅದೇ ಅದರ ಪಾಲಿನ ನಿನ್ನ ಪುಟ ಎಂದರಂತೆ. ಹಸೀನಾ ಮನೆಗೆ ಬಂದು ತೆಗೆದು ನೋಡಿದಳು. ನನ್ನನ್ನೂ ಕರೆದು ತೋರಿಸಿದಳು. ಏನೂ ಇರಲಿಲ್ಲ. ಒಂದು ಬೂದು ಚೌಕ, ಸುತ್ತ ಬಿಳಿ. ಸ್ವಾಗತ ಎಂಬುದು ಕೂಡ ಚಿತ್ರದೊಳಗೇ ಇತ್ತಲ್ಲ, ಅದೂ ಹೋಗಿತ್ತು.

ಎಲ್ಲವನ್ನೂ ಬಿಚ್ಚಿ ಹೊಸದಾಗಿ ಮಾಡಬೇಕಾಯಿತು. ಈ ಸಲ ಮಾತು ಬೇಕಾಗಿತ್ತು. ಅವಳು ಕಾಗದ ಹಿಡಿದು ನನ್ನೆದುರು ಕೂತು, ಕೌದಿ ಹೇಗೆ ಹೊಲಿಯುತ್ತೀರಿ, ಹೇಳಿರಿ ಎಂದಳು. ನಾನು ಸೀರೆಯ ಅಂಚು ಹಿಡಿದು, ಹಿಂಗ ಮಡಚೂದು, ಆಮ್ಯಾಲ ಹಿಂಗ ಎಂದು ಕೈಯಿಂದ ತೋರಿಸಿದೆ. "ಅವ್ವಾರ, ಹಿಂಗ ಅಂದ್ರ ಅದಕ್ಕ ಕಾಣೂದಿಲ್ಲರಿ" ಎಂದಳು. ಹಾಗಾದರೆ ಬರೆದು ಕೊಡುತ್ತೇನೆ ಎಂದು ಒಳಗೆ ಹೋದೆ. ತವರೂರು ಮುಶಿಗೇರಿಯ ಸಾಲೆ ಬಿಟ್ಟ ಮೇಲೆ ನಾನು ಕಾಗದಪತ್ರ ಬಿಟ್ಟು ಬೇರೇನೂ ಬರೆದವಳಲ್ಲ. ಮೊದಲ ಹಾಳೆಯನ್ನು ಇತ್ತ ಕಡೆ ಎಲ್ಲರೂ ಕ್ಷೇಮ ಎಂದೇ ಶುರು ಮಾಡಿದ್ದೆ. ಹಸೀನಾ ನಗಲಿಲ್ಲ, ಆ ಸಾಲು ಮಾತ್ರ ಸದ್ದಿಲ್ಲದೆ ಬಿಟ್ಟಳು.

ಯಾವ ಸೀರೆ ಅಡಿಗೆ, ಯಾವುದು ಮೇಲೆ. ಹೊಲಿಗೆ ಅಂಚಿನಿಂದ ಒಳಕ್ಕೆ ಸುತ್ತುತ್ತ ಏಕೆ ಹೋಗಬೇಕು, ನಡುವಿನಿಂದ ಶುರು ಮಾಡಿದರೆ ಬಟ್ಟೆ ಎಲ್ಲಿ ಮುದುರಿ ಉಬ್ಬುತ್ತದೆ. ಮೂಲೆಗೆ ತ್ರಿಕೋನದ ತುಂಡು ಹೇಗೆ ಮಡಚುವುದು, ಕೂಸಿನ ಕೌದಿಗೆ ಯಾವ ಬಟ್ಟೆ ಚುಚ್ಚುವುದಿಲ್ಲ. ಇದೆಲ್ಲ ನನಗೆ ಗೊತ್ತಿದೆ ಎಂಬುದೇ ಬರೆಯುವವರೆಗೆ ನನಗೆ ಗೊತ್ತಿರಲಿಲ್ಲ. ಆ ಜಾಹೀರಾತಿನ ಕಂಪನಿಯ ಪಟ್ಟಿಯಲ್ಲಿ ಆಗ ಕನ್ನಡ ಇರಲಿಲ್ಲ. ಆದ್ದರಿಂದ ಹಸೀನಾ ನನ್ನ ಹಾಳೆಗಳನ್ನು ಇಂಗ್ಲಿಷಿಗೆ ಮಾಡಿದಳು. ಒಂದೊಂದು ಪುಟದ ತಲೆಯ ಮೇಲೆ ಸ್ವಾಗತದ ಬದಲು, ಹಳೆಯ ಸೀರೆಯಿಂದ ಹೊದಿಕೆ ಹೊಲಿಯುವುದು ಹೇಗೆ ಎಂದು ಕೇಳುವವರ ಮಾತನ್ನೇ ಇಟ್ಟಳು. ನನ್ನ ಮಾತು ನಾನೇ ಓದಲಾಗದ ಭಾಷೆಯಲ್ಲಿ ಹೋಯಿತು. ಸಂಕೋಚದವಳಿಗೆ ಅದರಿಂದ ಅನುಕೂಲವೇ ಆಯಿತೆನ್ನಿ.

ಹೊಸ ಪುಟ ನೋಡಲು ಬೋಳಾಗಿತ್ತು. ಬಿಳಿಯ ಮೇಲೆ ಕರಿ ಅಕ್ಷರ, ನಡುನಡುವೆ ಒಂದೊಂದು ಸಣ್ಣ ಫೋಟೋ. ಓಣಿಯವರು ಒಮ್ಮೆ ನೋಡಿ, ಮೊದಲಿಂದೇ ಚಲೋ ಇತ್ತು ಎಂದು ಹೋದರು. ಆದರೆ ಪುಟ ಥಟ್ಟನೆ ತೆರೆಯುತ್ತಿತ್ತು, ಹುಡುಕಿದವರಿಗೆ ಸಿಗತೊಡಗಿತು. ಯಾರು ಯಾವ ಮಾತು ಬರೆದು ಹುಡುಕಿಕೊಂಡು ಬಂದರು ಎಂಬುದು ಹಸೀನಾಗೆ ಕಾಣುತ್ತಿತ್ತು, ಅವಳು ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಹೊದಿಕೆಯ ಮೂಲೆ ಮಡಚುವುದು ಹೇಗೆ ಎಂದು ಎಲ್ಲಿಯದೋ ಊರಿನವರು ಕೇಳಿದ್ದರು. ನಾನು ನನ್ನ ಅವ್ವನನ್ನು ಕೇಳಿದ್ದ ಪ್ರಶ್ನೆಯೇ ಅದು. ರಕ್ತದಾನ ಹೋಗಿ ಸೂಜಿ ದಾರ, ಹೊಲಿಗೆ ಯಂತ್ರದ ಜಾಹೀರಾತು ಬಂದವು. ಲೆಕ್ಕಕ್ಕೆ ಹಣ ಬೀಳತೊಡಗಿತು, ಹನಿಹನಿಯಾಗಿ. ಆದರೆ ದೀಪಾವಳಿ ಹತ್ತಿರ ಬಂದಿತ್ತು, ಚೆಕ್ಕು ಕಳಿಸುವ ಮಟ್ಟ ಇನ್ನೂ ದೂರವಿತ್ತು.

ಒಂದು ಸಂಜೆ ನಾನು ಕಾಯಿಪಲ್ಲೆ ತರಲು ಬಸ್ ನಿಲ್ದಾಣದ ಕಡೆ ಹೋಗಿದ್ದೆ. ಅಲ್ಲೊಂದು ಇಂಟರ್ನೆಟ್ ಅಂಗಡಿ ಇತ್ತು. ಒಳಗೆ ಇಮಾಮಸಾಬರು ಕೂತಿದ್ದರು. ಟೊಪ್ಪಿಗೆ ಸರಿಮಾಡಿಕೊಂಡು, ಬೆನ್ನು ಸೆಟೆಸಿ, ಫೋಟೋ ತೆಗೆಸಿಕೊಳ್ಳಲು ಕೂತವರ ಹಾಗೆ. ಮೌಸು ಹಿಡಿದು ಒಂದು ಸಲ ಒತ್ತುವುದು, ಸ್ವಲ್ಪ ತಡೆಯುವುದು, ಮತ್ತೆ ಒತ್ತುವುದು. ಹಿಂದೆ ಅವರ ಚಹಾದ ಗೆಳೆಯರು ತಮ್ಮ ಪಾಳಿಗಾಗಿ ನಿಂತಿದ್ದರು. ಆ ಪೆಟಗಿಯ ಕಡೆ ನೋಡುವುದೂ ಇಲ್ಲ ಎನ್ನುತ್ತಿದ್ದ ಮನುಷ್ಯ ಇವರು. ಗಂಡಸರ ನಡುವೆ ಹೋಗಿ ಏನು ಕೇಳುವುದೆಂದು ನಾನು ಸೆರಗು ಎಳೆದುಕೊಂಡು ಮುಂದೆ ನಡೆದೆ.

ಕೆಲವು ದಿನಗಳಲ್ಲಿ ಕಂಪನಿಯಿಂದ ಹಸೀನಾಗೆ ಮೇಲ್ ಬಂತು. ಪುಟ ಓದದವರು ಬರೀ ಜಾಹೀರಾತು ಒತ್ತುತ್ತಿದ್ದಾರೆ, ಒಂದೇ ಊರಿನಿಂದ ಒತ್ತುತ್ತಿದ್ದಾರೆ, ಆದ್ದರಿಂದ ನಿಮ್ಮ ಖಾತೆ ಮುಚ್ಚಿದ್ದೇವೆ ಎಂದು. ಅಲ್ಲಿಯವರೆಗೆ ಬಿದ್ದಿದ್ದ ಹಣವೂ ಹೋಯಿತು. ಹಸೀನಾ ನಮ್ಮ ಮನೆಗೆ ಓಡಿ ಬಂದು ಹೇಳುತ್ತಿರುವಾಗಲೇ ಅವಳ ಅಪ್ಪ ನಮ್ಮ ಕಟ್ಟೆಯ ಮೇಲೆ ಬಂದು ನಿಂತರು. ಅವಳು ಅವರ ಮುಖ ನೋಡಿದಳು.

"ಅಪ್ಪಾ, ನೀವ ಒತ್ತಿಸಿದ್ರೇನ್ರಿ?"

"ಮದವಿಗೆ ನಾಕ್ ಮಂದಿ ಮುಯ್ಯಿ ಮಾಡತಾರ, ಯಾರರೆ ತಪ್ಪ ಅಂತಾರೇನವಾ?" ಎಂದರು ಇಮಾಮಸಾಬರು. "ನಿನ್ನ ಅಂಗಡಿಗೆ ಗಿರಾಕಿ ಕಳಿಸಿದೆ. ಅಷ್ಟ."

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಮುಯ್ಯಿ ಎಂದು ಕೊಟ್ಟ ಉಡುಗೊರೆಗೆ ಮುಖ ತಿರುವಬಾರದೆಂದು ಅವಳಿಗೂ ಗೊತ್ತಿತ್ತು. ಕಂಪನಿಗೆ ಒಂದು ಕಾಗದ ಬರೆದಳು, ಅವರು ಒಪ್ಪಲಿಲ್ಲ.

ದೀಪಾವಳಿ ಮುಗಿಯಿತು. ಹತ್ತಿಯ ಗಾಡಿ ಬಂದ ದಿನ ನಾನು ನಮ್ಮ ಬಾಗಿಲಲ್ಲೇ ಇದ್ದೆ. ಹಸೀನಾ ಮುಂಜಾನೆಯೇ ಕಂಪ್ಯೂಟರಿಗೆ ಒಂದು ಹಳೆಯ ಗಲೀಪು ಮುಚ್ಚಿ, ಟೇಬಲ್ಲನ್ನು ತಾನೇ ಎಳೆದು ಕಟ್ಟೆಗೆ ತಂದಿಟ್ಟಿದ್ದಳು. ಖೋಲಿ ಗುಡಿಸಿ, ಕಸಬರಿಗೆ ಹಿಡಿದು ನಿಂತಿದ್ದಳು. ಹಮಾಲರು ಮೊದಲ ಗಂಟು ಹೊತ್ತು ಒಳಗೆ ಕಾಲಿಟ್ಟರು. ಇಮಾಮಸಾಬರು ಕೈ ಅಡ್ಡ ಹಿಡಿದರು.

"ಅಲ್ಲಿ ಬ್ಯಾಡ. ಆ ಖೋಲ್ಯಾಗ ಇಲಿ ಭಾಳ ಅದಾವ, ಹತ್ತಿ ಹಾಳಾಕ್ಕತಿ. ನನ್ನ ಪಡಸಾಲ್ಯಾಗ ಒಟ್ಟರಿ."

ಹಮಾಲರು ಗಂಟು ತಿರುಗಿಸಿ ಪಡಸಾಲೆಗೆ ಹೊತ್ತರು. ಹಸೀನಾ ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಟೇಬಲ್ಲನ್ನು ಮತ್ತೆ ಒಳಗೆ ಎಳೆದಳು. ಅದರ ಒಂದು ಕಾಲು ಹೊಸ್ತಿಲಿಗೆ ಸಿಕ್ಕಿತು. ನಾನು ಹೋಗಿ ಎತ್ತಿ ಕೊಟ್ಟೆ.

ಆ ಚಳಿಗಾಲವೆಲ್ಲ ಇಮಾಮಸಾಬರು ಹತ್ತಿಯ ಗಂಟುಗಳ ಸಂದಿಯಲ್ಲಿ ಮಲಗಿ ಕೆಮ್ಮಿದರು. ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ಕೌದಿಯ ಪುಟಕ್ಕೆ ಮತ್ತೆ ಜಾಹೀರಾತು ಬರಲಿಲ್ಲ, ಅದು ಹಾಗೆಯೇ ಉಳಿಯಿತು, ಹುಡುಕಿದವರಿಗೆ ಸಿಗುತ್ತಲೂ ಇತ್ತು. ಅದನ್ನು ತೋರಿಸಿಯೇ ರೋಣದ ಮಾಸ್ತರರು ನರಗುಂದದ ಒಬ್ಬ ಕಾಳಿನ ವ್ಯಾಪಾರಿಯನ್ನು ಹಸೀನಾ ಕಡೆ ಕಳಿಸಿದರು. ಅವರ ಪುಟವೂ ಕುಣಿಯುವ ಪುಟ. ಯಾರ ಕಣ್ಣಿಗೂ ಬೀಳದೆ ಕುಣಿಯುತ್ತಿತ್ತು. ಹಸೀನಾ ಅದನ್ನು ಅಕ್ಷರಕ್ಕೆ ತಂದುಕೊಟ್ಟಳು. ಆಮೇಲೆ ಬೇರೆಯವರು ಬಂದರು. ಜಾಹೀರಾತಿನಿಂದ ಬಾರದ ಖರ್ಚು ಹೀಗೆ ಬಂತು. ಮುಂದಿನ ವರ್ಷವೂ ಹತ್ತಿ ಪಡಸಾಲೆಯಲ್ಲೇ ಇತ್ತು. ಯಾರೂ ಕೇಳಲಿಲ್ಲ.

ಇಮಾಮಸಾಬರು ಈಗಿಲ್ಲ. ಹಸೀನಾ ಮದುವೆಯಾಗಿ ರೋಣದಲ್ಲಿದ್ದಾಳೆ, ಅಲ್ಲಿಯೂ ಅದೇ ಕೆಲಸ. ಇಷ್ಟು ಬರೆದ ಮೇಲೆ, ಅವಳ ಮನೆಯ ಮಾತನ್ನು ಅವಳನ್ನು ಕೇಳದೆ ನಿಮ್ಮ ಕೈಗೆ ಕೊಡುವುದು ಸರಿಯಲ್ಲ ಅನ್ನಿಸಿತು. ಇವತ್ತು ಮುಂಜಾನೆ ಮೊಮ್ಮಗಳಿಂದ ಫೋನು ಹಚ್ಚಿಸಿಕೊಂಡು ಹಸೀನಾ ಜೊತೆ ಮಾತಾಡಿದೆ. ಯಾವಾಗಲೂ ಅವಳು ಮಾತಾಡುವುದು, ನಾನು ಹೂಂಗುಟ್ಟುವುದು. ಇವತ್ತು ನಾನೇ ಎಲ್ಲವನ್ನೂ ಓದಿ ಹೇಳಿದೆ, ಮೊಮ್ಮಕ್ಕಳು ಪಕ್ಕದಲ್ಲೇ ಕೂತಿದ್ದರೂ ಓದಿದೆ. ಹತ್ತಿಯ ಗಾಡಿ ಬಂದ ದಿನದ ಮಾತನ್ನು ಅವಳು ಇನ್ನೊಮ್ಮೆ ಓದಿಸಿದಳು.

"ಬರೀರಿ ಅವ್ವಾರ," ಎಂದಳು. "ಆದ್ರ ಆ ಖೋಲ್ಯಾಗ ಇಲಿ ಇರಲಿಲ್ಲ ಅಂತನೂ ಬರೀರಿ."

ಇರಲಿಲ್ಲ. ಒಂದೂ ಇರಲಿಲ್ಲ.