ಮಗಳು ಬಡಿಸಿದ ಊಟ

ಕುಬಿಹಾಳದ ಕುಬೇರಪ್ಪನಿಗೆ ಹಿಟ್ಟಿನ ಗಿರಣಿ ಇದೆ. ಹೆಂಡತಿ ತೀರಿಕೊಂಡ ಮೇಲೆ ಅವನು ರೊಟ್ಟಿ ಬಡಿಯಲು ಕಲಿತದ್ದು ಒಬ್ಬಳೇ ಮಗಳು ಶಾಂಭವಿಗಾಗಿ. ಅವಳು ಬಿ.ಎ. ಮುಗಿಸಿ ಕುಂದಗೋಳದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಯಾರೂ ಇಲ್ಲದ ಕಡೆಯಿಂದ ಅವಳಿಗೆ ಬೈಗುಳ ಕೇಳಿಸತೊಡಗಿತು. ಶಾಲೆ ಬಿಟ್ಟಳು. ಊಟದಲ್ಲಿ ವಿಷ ಬೆರೆಸುತ್ತಾರೆಂದು ತಾಟು ದೂಡತೊಡಗಿದಳು.

"ಲಗ್ನಾ ಮಾಡಿಬಿಡೋ ಕುಬೇರಪ್ಪ, ಎಲ್ಲಾ ಸರಿ ಆಗ್ತೇತಿ" ಎಂದಳು ಬಾಜು ಮನೆಯ ದುಂಡವ್ವ.

"ಜ್ವರಾ ಬಂದಾಕಿಗೆ ಯಾರರ ಲಗ್ನಾ ಮಾಡ್ತಾರೇನ ಬೇ?" ಎಂದು ಅವನು ಮಗಳನ್ನು ಧಾರವಾಡದ ಆಸ್ಪತ್ರೆಗೆ ಕರೆದೊಯ್ದ. ಕರೆದೊಯ್ದ ಅನ್ನುವುದೇನು, ಅಂದು ಇಬ್ಬರು ನೆಂಟರು ಅವಳ ಕೈ ಹಿಡಿದು ಜೀಪಿನಲ್ಲಿ ಕೂರಿಸಬೇಕಾಯಿತು.

ಆಸ್ಪತ್ರೆಯಿಂದ ಬಂದವಳು ಕೆಲವು ತಿಂಗಳು ಶಾಂತವಾಗಿದ್ದಳು. ಆಮೇಲೆ ಗುಳಿಗೆ ಒಲ್ಲೆ ಎಂದಳು. ಮತ್ತೆ ಮೊದಲಿನಂತಾದೀತೆಂದು ಹೆದರಿದ ಕುಬೇರಪ್ಪ ಗುಳಿಗೆಯನ್ನು ಪುಡಿಮಾಡಿ ಸಾರಿನಲ್ಲಿ ಹಾಕತೊಡಗಿದ. ಒಂದು ಮಧ್ಯಾಹ್ನ ಚಮಚೆಯಿಂದ ಅದನ್ನು ಅರೆಯುತ್ತಿದ್ದಾಗ ತಿರುಗಿ ನೋಡಿದರೆ, ಅಡಿಗೆಮನೆ ಬಾಗಿಲಲ್ಲಿ ಶಾಂಭವಿ.

"ಅಪ್ಪಾ, ನೀನೂ?"

ಅವಳ ಭಯ ಅವಳ ಕಣ್ಣೆದುರೇ ನಿಜವಾಗಿತ್ತು. ಅಂದಿನಿಂದ ತಾನೇ ಸುಲಿದ ಬಾಳೆಹಣ್ಣು, ಶೇಂಗಾ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಕುಬೇರಪ್ಪ ಒಬ್ಬನೇ ಧಾರವಾಡದ ಬಸ್ಸು ಹತ್ತಿದ. ಮಗಳನ್ನು ನೋಡುತ್ತಿದ್ದ ನಂದಾ ಡಾಕ್ಟರ್ ಮುಂದೆ ಎಲ್ಲವನ್ನೂ ಹೇಳಿದ. ಅವರು ಬೈಯಲಿಲ್ಲ.

"ಹೆದರಿಕಿಂದ ಮಾಡೀರಿ, ತಿಳೀತ್ರಿ. ಆದ್ರ ಆಕಿ ನಿಮ್ಮನ್ನ ನಂಬದಿದ್ರ ಯಾವ ಗುಳಗಿನೂ ನಡೆಯೂದಿಲ್ಲ. ಖರೇ ಹೇಳ್ರಿ. ಯಾಕ ಒಲ್ಲೆ ಅಂತಾಳ, ಅದನ್ನೂ ಕೇಳ್ರಿ."

ಊರಿಗೆ ಬಂದವನೇ ಮಗಳ ಎದುರು ನೆಲಕ್ಕೆ ಕುಳಿತ.

"ಹೌದವ್ವಾ, ಹಾಕಿದ್ದೆ. ನಂದು ತಪ್ಪಾತು. ಇನ್ನ ಅಡಗಿ ನೀನ ಮಾಡು. ನೀ ಬಡಿಸಿದ್ದು ಮೊದಲ ನಾ ಉಣ್ತೇನಿ."

ಮರುದಿನ ಮಗಳು ರೊಟ್ಟಿ, ಪುಂಡಿಪಲ್ಲೆ ಮಾಡಿ ಬಡಿಸಿ, ಗೋಡೆಗೆ ಒರಗಿ ನಿಂತು ನೋಡಿದಳು. ಕುಬೇರಪ್ಪ ಉಂಡ.

"ಉಪ್ಪ ಸ್ವಲ್ಪ ಜಾಸ್ತಿ ಆಗೇತಿ" ಎಂದ.

ಅವಳು ನಗಲಿಲ್ಲ. ಆದರೆ ಅರ್ಧ ರೊಟ್ಟಿ ಮುರಿದುಕೊಂಡು ತಾನೂ ಕುಳಿತಳು. ಕೆಲವು ದಿನಗಳಾದ ಮೇಲೆ ತಾನಾಗಿಯೇ ಹೇಳಿದಳು: "ಆ ಗುಳಗಿ ತಗೊಂಡ್ರ ಕೈ ನಡಗ್ತಾವಪ್ಪಾ. ಸೂಜ್ಯಾಗ ದಾರಾ ಪೋಣಸಾಕ ಆಗೂದಿಲ್ಲ. ಹಗಲೆಲ್ಲಾ ನಿದ್ದಿ."

"ಇದನ್ನ ಡಾಕ್ಟರಿಗೆ ನೀನ ಹೇಳ್ತಿಯೇನು?"

ಧಾರವಾಡಕ್ಕೆ ಹೋಗಿ ಹೇಳಿದಳು, ಅದೂ ಅಪ್ಪನನ್ನು ಹೊರಗೆ ಕಳಿಸಿ. ಹೊರಗಿನ ಬಾಕಿನ ಮೇಲೆ ಕುಬೇರಪ್ಪ ಟೋಪಿ ತೆಗೆಯುತ್ತ ಹಾಕುತ್ತ ಕುಳಿತ. ಡಾಕ್ಟರು ಔಷಧ ಬದಲಿಸಿದರು. ದಿನವೂ ಗುಳಿಗೆ ನುಂಗುವ ಬದಲು ತಿಂಗಳಿಗೊಂದು ಇಂಜೆಕ್ಷನ್ ಸಾಕೆಂದು ಆರಿಸಿಕೊಂಡವಳು ಶಾಂಭವಿಯೇ.

ದನಿಗಳು ಪೂರ್ತಿ ಹೋಗಲಿಲ್ಲ, ಕಡಿಮೆಯಾದವು. ಅವಳು ಗಿರಣಿಗೆ ಬಂದು ಕೂರತೊಡಗಿದಳು. ಮೊದಮೊದಲು ದೂರ ನಿಲ್ಲುತ್ತಿದ್ದ ಹೆಂಗಸರು ಬರಬರುತ್ತ ಜೋಳದ ಡಬ್ಬಿಗಳನ್ನು ಅವಳ ಕೈಗೇ ಕೊಡತೊಡಗಿದರು.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಗಿರಣಿ ನಿಲ್ಲಿಸೆಂದು ಅವಳು ಅಪ್ಪನಿಗೆ ಕೈಸನ್ನೆ ಮಾಡಿದಳು. ಅರಿವೆಗಳನ್ನು ತುಂಬಿಕೊಂಡ ಚೀಲ ಕೈಯಲ್ಲಿತ್ತು.

"ಮತ್ತ ಜೋರಾಗಿ ಕೇಳಸಾಕತ್ತಾವಪ್ಪಾ. ಆಸ್ಪತ್ರಿಗೆ ಹೋಗೂಣು."

ಗೋಧಿ ಬೀಸಿಸಲು ಬಂದಿದ್ದ ದುಂಡವ್ವ, "ಹೋಗ್ರಿ, ಡಬ್ಬಿ ನಾ ನೋಡ್ಕೋತೇನಿ" ಎಂದಳು.

ಬಸ್ಸಿನಲ್ಲಿ ಕುಬೇರಪ್ಪ ಅವಳ ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ, "ಚಲೋ ಮಾಡಿದಿ ಬೇ, ಹೇಳಿದಿ" ಎಂದ.

ವಾರದ ನಂತರ ಮನೆಗೆ ಬಂದ ಶಾಂಭವಿ, ಎರಡು ದಿನ ನಿದ್ದೆ ಮಾಡಿ, ಮೂರನೆಯ ದಿನ ತಾನೇ ಗಿರಣಿ ಬಾಗಿಲು ತೆಗೆದಳು.