ಕಿವಿ ಮುರಿದ ಹೆಂಚು

ನನಗೆ ದೋಸೆ ಹುಯ್ಯಲು ಬರುವುದಿಲ್ಲ. ಹೈಸ್ಕೂಲು ಮಕ್ಕಳಿಗೆ ವರ್ಷಗಟ್ಟಲೆ ಕನ್ನಡ ವ್ಯಾಕರಣ ಹೇಳಿಕೊಟ್ಟವಳು, ಎಂಥ ಸಂಧಿಯನ್ನಾದರೂ ನಿದ್ದೆಗಣ್ಣಲ್ಲಿ ಬಿಡಿಸುವವಳು ನಾನು. ಆದರೆ ಹಿಟ್ಟಿಗೂ ಹೆಂಚಿಗೂ ಒಮ್ಮೆ ಸಂಧಿಯಾಯಿತೆಂದರೆ ನನ್ನಿಂದ ಬಿಡಿಸಲಾಗುವುದಿಲ್ಲ. ಅತ್ತೆ ಇರುವ ತನಕ ಇದೊಂದು ಕೊರತೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ದೋಸೆ ಅವರ ಪಾಲಿನದು, ಪೇಪರು ಓದಿ ಹೇಳುವುದು ನನ್ನ ಪಾಲಿನದು.

ಅವರು ಹೋಗಿ ವರ್ಷವಾಯಿತು. ಅದಕ್ಕೂ ಮುಂಚೆ ಬಹಳ ಕಾಲ ಹಾಸಿಗೆ ಹಿಡಿದಿದ್ದರು. ಆಗಲೇ ಅಡಿಗೆಮನೆಗೆ ನಾನ್‌ಸ್ಟಿಕ್ ತವಾ ಬಂದಿತ್ತು. ಅವರ ಬೀಡುಕಬ್ಬಿಣದ ಹೆಂಚು ಯಾವಾಗ ಮಹಡಿ ಸೇರಿತು, ಯಾರು ಸೇರಿಸಿದರು, ಯಾರಿಗೂ ನೆನಪಿಲ್ಲ. ತಿಥಿಗೆ ಮುಂಚೆ ಸುಣ್ಣ ಬಳಿಸುವಾಗ ದೊಡ್ಡಪತ್ರೆ ಕುಂಡ ಎತ್ತಿದರೆ, ಕೆಳಗೆ ನೀರು ಹಿಡಿಯುವ ತಟ್ಟೆಯಾಗಿ ಕೂತಿತ್ತು. ಎರಡು ಕಿವಿಗಳಲ್ಲಿ ಒಂದು ಮುರಿದಿತ್ತು. ಮೈತುಂಬ ಕೆಂಪು ತುಕ್ಕು. ಬೆರಳಿಟ್ಟರೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು.

ನಾನು ಅದನ್ನು ಎದೆಗವಚಿಕೊಂಡು ಕೆಳಗಿಳಿದೆ. ಸೀರೆ ಹಾಳಾಯಿತು ಅನ್ನುವುದು ಬೇರೆ ಮಾತು.

ನಮ್ಮವರ ವಿಷಯ ಹೇಳದಿದ್ದರೆ ನನ್ನ ಈ ಹುಚ್ಚು ಅರ್ಥವಾಗುವುದಿಲ್ಲ. ಅವರು ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಮಾತಿನ ಮನುಷ್ಯ. ಉಪ್ಪಿಟ್ಟಿಗೆ ಒಂದು ಟೀಕೆ, ಸಾರಿಗೆ ಇನ್ನೊಂದು ಟೀಕೆ, ಚಟ್ನಿಗಂತೂ ದೀರ್ಘ ವಿಮರ್ಶೆ. ಅಮ್ಮ ಹೋದ ಮೇಲೆ ಅದೆಲ್ಲ ನಿಂತುಹೋಯಿತು. ತಟ್ಟೆಯಲ್ಲಿ ಏನು ಹಾಕಿದರೂ ತಿನ್ನುವರು, ತಟ್ಟೆ ತೊಳೆದಿಡುವರು, ಏಳುವರು. ಒಮ್ಮೆ ಪರೀಕ್ಷೆ ಮಾಡಲೆಂದೇ ಸಾರಿಗೆ ಹುಳಿ ಹಾಕದೆ ಬಡಿಸಿದೆ. ಅದನ್ನೂ ಉಂಡು ಎದ್ದರು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಜಗಳ ಆಡುವ ಗಂಡನನ್ನು ಸಹಿಸಬಹುದು, ಹುಳಿಯಿಲ್ಲದ ಸಾರನ್ನು ಸುಮ್ಮನೆ ಉಣ್ಣುವ ಗಂಡನ ಜೊತೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಹಾಗಾಗಿ ಹೆಂಚು ಸಿಕ್ಕಾಗ ನನಗೆ ದಾರಿ ಸಿಕ್ಕಂತಾಯಿತು. ಅತ್ತೆಯ ಹೆಂಚಿನ ಮೇಲೆ ಅತ್ತೆಯ ಹಾಗೆ ದೋಸೆ ಎದ್ದರೆ ಇವರೂ ಏಳುತ್ತಾರೆ ಅಂದುಕೊಂಡೆ.

ಮೊಬೈಲಿನಲ್ಲಿ ತುಕ್ಕು ಬಿಡಿಸುವ ವಿಡಿಯೋಗಳನ್ನು ನೋಡಿದೆ. ಅವುಗಳಲ್ಲಿ ಎಲ್ಲರ ಹತ್ತಿರವೂ ಓವನ್ ಇರುತ್ತದೆ, ಎಲ್ಲರ ಉಗುರೂ ಸ್ವಚ್ಛವಾಗಿರುತ್ತದೆ. ನಾನು ಹುಣಿಸೆಹಣ್ಣು ಕಿವುಚಿ ಸವರಿದೆ, ಇಟ್ಟಿಗೆ ಪುಡಿಯಲ್ಲಿ ತಿಕ್ಕಿದೆ, ಅಕ್ಕಿ ತೊಳೆದ ನೀರಲ್ಲಿ ನೆನೆಹಾಕಿದೆ. ಆಮೇಲೆ ಎಣ್ಣೆ ಸವರಿ ಒಲೆಯ ಮೇಲಿಟ್ಟು ಕಾಯಿಸಿದೆ. ಹೊಗೆ ಎದ್ದು ಪಕ್ಕದ ಮನೆಯ ಶಾಹಿದಾ ಓಡಿ ಬಂದಳು.

"ಏನ್ ಅಕ್ಕಾ, ಬೆಂಕಿ ಬಿತ್ತಾ?"

"ಇಲ್ಲ ಕಣೇ, ಹೆಂಚು ಪಳಗಿಸ್ತಿದೀನಿ."

ಅವಳು ಕೆಮ್ಮುತ್ತಾ ಹೇಳಿದಳು: "ನಿಮ್ಮನ್ನೇ ಪಳಗಿಸ್ತಿರೋ ಹಂಗಿದೆ ಅದು."

ತಿಕ್ಕುವಾಗ ನನ್ನ ಮೇಷ್ಟ್ರ ಬುದ್ಧಿ ಸುಮ್ಮನಿರುತ್ತದೆಯೇ? ಹಳಗನ್ನಡದ 'ಪಂಚು' ಹೊಸಗನ್ನಡದಲ್ಲಿ 'ಹೆಂಚು' ಆಯಿತು. ತಲೆಯ ಮೇಲೆ ಮಳೆ ತಡೆಯುವುದಕ್ಕೂ ಒಲೆಯ ಮೇಲೆ ಹಿಟ್ಟು ಬೇಯಿಸುವುದಕ್ಕೂ ಕನ್ನಡಿಗರು ಒಂದೇ ಹೆಸರಿಟ್ಟರು. ಮನೆ ಅಂದರೆ ಇವೆರಡೇ ಅಂತ ಅವರಿಗೆ ಅನ್ನಿಸಿರಬೇಕು. ಹೀಗೆಲ್ಲ ಯೋಚಿಸುತ್ತಾ ಹೆಂಚಿನ ಬೆನ್ನನ್ನು ಹುಡುಕಿದೆ. ನಮ್ಮ ಸ್ಟೀಲು, ಹಿತ್ತಾಳೆ ಪಾತ್ರೆಗಳ ಮೇಲೆಲ್ಲ ಕೊಟ್ಟವರ ಹೆಸರು ಇರುತ್ತದಲ್ಲ, ಇದರ ಮೇಲೂ ಅತ್ತೆಯ ತವರಿನ ಹೆಸರು ಇದ್ದೀತು ಅಂತ ಆಸೆ. ತುಕ್ಕೆಲ್ಲ ಹೋದ ಮೇಲೆ ಉಬ್ಬಿದ ಒಂದು ಉಂಗುರ ಮಾತ್ರ ಕಂಡಿತು. ಅಕ್ಷರ ಒಂದೂ ಇಲ್ಲ.

ಹೆಂಚು ಕಪ್ಪಾಯಿತು, ಮಿರಮಿರ ಮಿಂಚಿತು. ದೋಸೆ ಮಾತ್ರ ಏಳಲಿಲ್ಲ. ಈರುಳ್ಳಿ ಉಜ್ಜಿದರೂ ಇಲ್ಲ, ಉರಿ ತಗ್ಗಿಸಿದರೂ ಇಲ್ಲ. ನಾನು ಭಾನುವಾರವೆಲ್ಲ ಕೆರೆಯುವುದನ್ನು ನೋಡಿ ಇವರು ಬಾಗಿಲಲ್ಲಿ ನಿಂತು, "ಬಿಡು ಗಿರಿಜಾ, ಅದು ಅಮ್ಮನ ಜೊತೇನೇ ಹೋಯ್ತು" ಅಂದರು. ಅವರು ಒಳಗೆ ಹೋದ ಮೇಲೆ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ. ನೀರು ಬರುವ ದಿನವಲ್ಲ, ನಲ್ಲಿಯೂ ನನ್ನ ಜೊತೆ ಸುಮ್ಮನೆ ಉಸಿರು ಬಿಟ್ಟಿತು.

ತಿಥಿಗೆ ಹೊಸಕೋಟೆ ಅಜ್ಜಿ ಬಂದರು. ಅವರು ನಮ್ಮ ಮಾವನವರ ತಂಗಿ. ಮಕ್ಕಳು ಕರೆಯುವ ಹೆಸರೇ ನಮಗೂ ರೂಢಿಯಾಗಿದೆ. ಊಟವಾದ ಮೇಲೆ ಎಲೆ ಅಡಿಕೆ ಕೇಳಿಕೊಂಡು ಅಡಿಗೆಮನೆಗೆ ಬಂದವರು ಗೋಡೆಗೆ ಒರಗಿಸಿದ್ದ ಹೆಂಚನ್ನು ನೋಡಿ ನಿಂತುಬಿಟ್ಟರು. ಮುರಿದ ಕಿವಿಯನ್ನು ಹೆಬ್ಬೆಟ್ಟಿನಿಂದ ಸವರಿದರು.

"ಅಯ್ಯೋ ತಾಯೀ, ಇದಿನ್ನೂ ಐತಾ? ಇದರ ಕಿವಿ ಮುರಿದೋಳೇ ನಾನು. ಬಾವಿಕಟ್ಟೆ ಮೇಲೆ ತೊಳೆಯೋಕೆ ಹೋಗಿ ಕೆಡವಿಬಿಟ್ಟೆ. ಅತ್ತಿಗೆ ಒಂದು ಮಾತೂ ಬೈಲಿಲ್ಲ."

"ನಮ್ಮತ್ತೆ ಬೈತಾನೇ ಇರ್ಲಿಲ್ವಲ್ಲ ಅಜ್ಜಿ" ಅಂದೆ ನಾನು.

"ನಿಮ್ಮತ್ತೆ ಅಲ್ಲ ಕಣವ್ವಾ. ಮೊದಲನೇ ಅತ್ತಿಗೆ."

ಹಾಲಿನಲ್ಲಿ ಚಾಪೆ ಸುತ್ತುತ್ತಿದ್ದ ನಮ್ಮವರ ಕೈ ನಿಂತಿತು.

ಅಜ್ಜಿ ನೆಲದ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತಾ, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬ ಹಾಗೆ ಹೇಳಿದರು. ಮಾವನವರಿಗೆ ಮೊದಲು ಒಂದು ಮದುವೆಯಾಗಿತ್ತು. ಹೆಂಚು ಆಕೆಯ ತವರಿನಿಂದ ಬಂದದ್ದು. ಎರಡು ಬೇಸಿಗೆ ಕಂಡಳೋ ಇಲ್ಲವೋ, ಜ್ವರ ಬಂದು ತೀರಿಕೊಂಡಳು. ಆಮೇಲೆ ನಮ್ಮತ್ತೆ ಈ ಮನೆಗೆ ಬಂದರು. ಸತ್ತವಳ ಹೆಂಚು ಬೇಡ, ಎಸೆದುಬಿಡು ಅಂತ ಮನೆಯ ಹಿರಿಯರು ಅಂದರಂತೆ.

"ನಿಮ್ಮತ್ತೆ ಒಪ್ಪಲಿಲ್ಲ. 'ಪಾಪ, ಅವಳದ್ದು ಅಂತ ಈ ಮನೇಲಿ ಇದೊಂದೇ ಇರೋದು, ಇದನ್ನೂ ಎಸೆದ್ರೆ ಹೆಂಗೆ' ಅಂದ್ಲು. ಆದ್ರೆ ದೋಸೆ ಏಳ್ತಿರ್ಲಿಲ್ಲ ನೋಡು! ಮೊದಲನೆಯೋಳು ಹಿಡ್ಕೊಂಡವಳೆ ಅಂತ ಎಲ್ಲಾ ಆಡ್ಕೊಳೋರು. ಬಚ್ಚಲಲ್ಲಿ ಕೂತು ಅಳೋಳು ಪಾಪ. ನಾನು ಮದುವೆಯಾಗಿ ಹೋದ ಮೇಲೆ ಯಾವತ್ತು ಎದ್ದು ಬಂತೋ, ನಂಗೊತ್ತಿಲ್ಲ."

ನಮ್ಮವರು ಅಡಿಗೆಮನೆ ಬಾಗಿಲಿಗೆ ಬಂದಿದ್ದರು. "ಅಮ್ಮ ನಂಗೆ ಒಂದು ದಿನಾನೂ ಹೇಳ್ಲಿಲ್ಲ" ಅಂದರು.

"ನೀನು ಕೇಳಿರಲ್ಲ ಕಣಪ್ಪಾ" ಅಂದರು ಅಜ್ಜಿ.

"ಅವರ ಹೆಸರೇನಜ್ಜಿ?" ಇವರೇ ಕೇಳಿದರು.

"ಚೆನ್ನಮ್ಮ. ಚೆನ್ನೀ ಅಂತಿದ್ವಿ. ನನಗಿಂತ ಒಂಚೂರು ದೊಡ್ಡೋಳು ಅಷ್ಟೇ."

ಇವರು ಮಹಡಿಗೆ ಹೋಗಿಬಿಟ್ಟರು. ಅಜ್ಜಿ ಸಂಜೆಯ ಬಸ್ಸಿಗೆ ಹೊರಟರೂ ಕೆಳಗಿಳಿಯಲಿಲ್ಲ. ನಾನು ಹೆಂಚಿನ ಮುಂದೆ ಕೂತೆ. ಅಷ್ಟು ತಿಕ್ಕಿ ಅತ್ತೆಯನ್ನು ಹೊರತೆಗೆಯುತ್ತೇನೆ ಅಂದುಕೊಂಡಿದ್ದೆ. ಅತ್ತೆಯ ಕೆಳಗೆ ಇನ್ನೊಬ್ಬಳಿದ್ದಳು. ಅವಳ ಒಂದು ಫೋಟೋ ಈ ಮನೆಯಲ್ಲಿಲ್ಲ, ತಿಥಿಯಲ್ಲಿ ಅವಳ ಹೆಸರು ಯಾರೂ ಎತ್ತಲಿಲ್ಲ. ನಾನು ಗಂಡನಿಗೆ ಅಮ್ಮನನ್ನು ವಾಪಸು ಕೊಡಲು ಹೋಗಿ, ಅವರಿಗೆ ಗೊತ್ತಿದ್ದ ಅಮ್ಮನನ್ನೂ ಅರ್ಧ ಕಳೆದಿದ್ದೆ. ತುಕ್ಕನ್ನು ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು ಅಂತ ಮೊದಲ ಸಲ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಪಾತ್ರೆ ಸದ್ದಾಯಿತು. ಹೋಗಿ ನೋಡಿದರೆ ಇವರು ಹೆಂಚು ಒಲೆಗಿಟ್ಟು, ಸೌಟು ಹಿಡಿದು ನಿಂತಿದ್ದಾರೆ. ಹುಟ್ಟಿದಾಗಿನಿಂದ ಸೌಟು ಹಿಡಿಯದ ಕೈ. ಹಿಟ್ಟು ಸುರಿದರು, ಅದು ಯಾವುದೋ ಪರದೇಶದ ನಕ್ಷೆಯ ಹಾಗೆ ಹರಡಿಕೊಂಡಿತು. ಅಂಟಿತು. ಕೆರೆದರು. ಚೂರುಗಳನ್ನು ತಟ್ಟೆಗೂ ಹಾಕಿಕೊಳ್ಳದೆ, ನಿಂತಲ್ಲೇ ಊದಿಕೊಂಡು ತಿಂದರು. ಕಣ್ಣಲ್ಲಿ ನೀರು ಬರುತ್ತಿತ್ತು. ಹೊಗೆಯೂ ಇತ್ತು ಅನ್ನಿ.

"ಇಬ್ಬರೂ ಇಲ್ಲೇ ನಿಂತು ಕೆರೆದಿರ್ತಾರೆ ಅಲ್ವಾ?" ಅಂದರು. ನಾನು ಹೂಂ ಅಂದೆ.

ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದರು. ಹುಬ್ಬು ಗಂಟಾಯಿತು.

"ಹಿಟ್ಟಿಗೆ ಉಪ್ಪು ಹಾಕಿದೀಯೇನೇ ನೀನು? ಏನೇನೂ ರುಚಿ ಇಲ್ಲ."

ನಾನು ಉಪ್ಪಿನ ಡಬ್ಬಿ ತೆಗೆದುಕೊಟ್ಟೆ. ಎರಡನೆಯ ದೋಸೆಯೂ ಅಂಟಿತು.